ಕೊಲ್ಲಿಗೆ ಕಟ್ಟಿದ ಸೈರನ್

ಮೊದಲೇ ಹೇಳಿಬಿಡುತ್ತೇನೆ, ಕೊಲ್ಲಿಯಲ್ಲಿ, ಅಂದರೆ ಗುಡ್ಡದಿಂದ ಇಳಿಯುವ ತೊರೆಯಲ್ಲಿ, ನೀರು ಏರಿದರೆ ಎಬ್ಬಿಸಲು ನಾನು ಕಟ್ಟಿದ ಈ ಸೈರನ್ ಮೂರು ಸಲ ಸುಳ್ಳು ಕೂಗಿದೆ. ಒಂದು ಸಲ ಆನೆ, ಒಂದು ಸಲ ಏಡಿ, ಒಂದು ಸಲ ನನ್ನದೇ ಸೋಲ್ಡರಿಂಗ್. ನಿಜವಾಗಿ ಕೂಗಿದ್ದು ಒಂದೇ ಸಲ.

ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ. ಸುಟ್ಟ ಪಂಪ್‌ಸೆಟ್, ಮಿಕ್ಸಿ, ಕಾಫಿ ಪಲ್ಪರಿನ ಮೋಟಾರು, ದಿನಾ ಕೈಗೆ ಬರುವುದು ಇವೇ. ಮನೆ ಕೊಡಗಿನ ಮಾದಾಪುರದ ಕಡೆ, ಒಂದು ಕೊಲ್ಲಿಯ ಪಕ್ಕ. ಹಿಂದೆ ಬರೆ, ಅಂದರೆ ಗುಡ್ಡದ ಕಡಿದಾದ ಮಗ್ಗುಲು, ಮುಂದೆ ಗದ್ದೆ. ನಮ್ಮದೂ ಸೇರಿ ಐದು ಮನೆ. ಸ್ವಲ್ಪ ಕೆಳಗೆ ತೋಟದ ಕೆಲಸದವರ ಲೈನ್ ಮನೆಗಳ ಒಂದು ಸಾಲು. ಎಲ್ಲ ಸೇರಿದರೆ 31 ಜನ. ಅದರಲ್ಲಿ ನಾಲ್ಕು ಜನಕ್ಕೆ ನಡೆಯಲು ಕೈ ಹಿಡಿಯಬೇಕು.

2018ರ ಆಗಸ್ಟ್ 16ರ ರಾತ್ರಿ ನಮ್ಮ ಮನೆಯಲ್ಲಿ ಜಗಳ ಆಗಿತ್ತು. ಕರೆಂಟು ಹೋಗಿ ದಿನಗಳಾಗಿದ್ದವು, ಫೋನು ಸತ್ತಿತ್ತು. ಕೊಲ್ಲಿಯ ಸದ್ದು ಎಂದಿನಂತೆ ಇರಲಿಲ್ಲ. ನೀರಿನ ಜೊತೆ ಕಲ್ಲು ಉರುಳುವ ಗುಡುಗುಡು ಕೇಳುತ್ತಿತ್ತು. ಮನೆ ಬಿಡೋಣ ಅಂತ ಅಮ್ಮ. ‘ಐವತ್ತು ಮಳೆಗಾಲ ನೋಡಿದ್ದೇನೆ, ಸುಮ್ನೆ ಮಲಗಿ’ ಅಂತ ಅಪ್ಪ. ನಾನು ಇಬ್ಬರಿಗೂ ಹೂಂ ಅನ್ನುತ್ತಾ ಕೂತಿದ್ದೆ. ಹಾಗೇ ಬೆಳಗಾಯಿತು. ನಮ್ಮ ಮನೆಗೆ ಏನೂ ಆಗಲಿಲ್ಲ. ಪಕ್ಕದ ಮನೆಯ ಕೊಟ್ಟಿಗೆ ಮೇಲೆ ಬರೆ ಕುಸಿದು ಎರಡು ದನ ಹೋದವು. ಮುಕ್ಕೋಡ್ಲು, ಹಟ್ಟಿಹೊಳೆ, ಮಕ್ಕಂದೂರು, ಜೋಡುಪಾಲದಲ್ಲಿ ಗುಡ್ಡ ಕುಸಿದ ಸುದ್ದಿ ಬರುತ್ತಾ ಹೋದ ಹಾಗೆ ಅಪ್ಪನ ಮಾತು ಕಡಿಮೆಯಾಯಿತು.

ಆಮೇಲೆ ಆರು ವರ್ಷ ನಾನು ಏನೂ ಮಾಡಲಿಲ್ಲ. 2024ರ ಜುಲೈ 16ಕ್ಕೆ ಅಂಕೋಲದ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಬಿತ್ತು. ಎರಡು ವಾರ ಕಳೆದು ಜುಲೈ 30ಕ್ಕೆ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆ. ವಯನಾಡು ನಮಗೆ ದೂರ ಅಲ್ಲ, ಗಡಿಯ ಆಚೆ. ಅದೇ ಕಾಫಿ, ಅದೇ ಲೈನ್ ಮನೆ, ಅದೇ ಕೊಲ್ಲಿ. ಮಧ್ಯರಾತ್ರಿ ಕಳೆದ ಮೇಲೆ, ಜನ ಮಲಗಿದ್ದಾಗ. ಆವತ್ತು ಟಿವಿ ಮುಂದೆ ಕೂತು ಅಪ್ಪ ಕೇಳಿದರು, ‘ನಮ್ಮಲ್ಲಿ ಆದ್ರೆ ಯಾವಾಗ ಏಳೋದು ಅಂತ ಯಾರು ಹೇಳ್ತಾರೆ?’

ಅದನ್ನು ಹೇಳುವ ಒಂದು ಸಾಮಾನು ಮಾಡಬೇಕು ಅಂತ ಹೊರಟೆ. ರಾತ್ರಿ ಎರಡು ಗಂಟೆಗೆ ಯಾರೂ ಜಗಳ ಆಡಬಾರದು. ಜಗಳ ಏನಿದ್ದರೂ ಬೇಸಿಗೆಯಲ್ಲೇ, ಚಹಾ ಕುಡಿಯುತ್ತಾ ಮುಗಿದಿರಬೇಕು.

2025 ಏಪ್ರಿಲ್: ಮಳೆ ಪೈಪು

ಕೊಡಗಿನಲ್ಲಿ ಮಳೆ ಅಳೆಯುವುದು ಹೊಸದೇನಲ್ಲ. ಕಾಫಿ ತೋಟದವರ ಮನೆಯಲ್ಲಿ ಮಳೆ ಪುಸ್ತಕ ಇದ್ದೇ ಇರುತ್ತದೆ. ಮಾತಾಡುವುದು ಇಂಚು, ಸೆಂಟಿನಲ್ಲಿ. ಒಂದು ಇಂಚಿಗೆ ನೂರು ಸೆಂಟು. ‘ನಿಮ್ಮಲ್ಲಿ ಎಷ್ಟು ಬಂತು?’ ಅಂದರೆ ‘ಎರಡು ನಲವತ್ತು’ ಅನ್ನುತ್ತಾರೆ. ಆದರೆ ಆ ಲೆಕ್ಕ ಕಾಫಿ ಹೂ ಬಿಡಿಸುವ ಹೂಮಳೆಗೆ, ಗೊಬ್ಬರಕ್ಕೆ, ಔಷಧಿ ಹೊಡೆಯುವುದಕ್ಕೆ. ಅದನ್ನು ನೋಡಿ ಮನೆ ಬಿಟ್ಟವರನ್ನು ನಾನು ಕಂಡಿಲ್ಲ.

ಮಳೆ ಮಾಪಕ ಅಂಗಡಿಯಲ್ಲಿ ಸಿಗುತ್ತದೆ. ನನ್ನ ಹತ್ತಿರ ನಾಲ್ಕು ಇಂಚಿನ ಪಿವಿಸಿ ಪೈಪಿನ ತುಂಡು ಬಿದ್ದಿತ್ತು. ಎರಡು ಅಡಿ ಕತ್ತರಿಸಿದೆ. ಒಂದು ಬದಿಗೆ ಎಂಡ್ ಕ್ಯಾಪ್ ಹಾಕಿ ಸಾಲ್ವೆಂಟ್ ಹಚ್ಚಿದೆ. ಮೇಲಿನ ಅಂಚನ್ನು ಅರದಿಂದ ಹೊರಕ್ಕೆ ಇಳಿಜಾರಾಗಿ ಉಜ್ಜಿದೆ. ಅಂಚು ದಪ್ಪ ಇದ್ದರೆ ಅದರ ಮೇಲೆ ಬಿದ್ದ ಹನಿ ಒಳಗೂ ಸಿಡಿಯುತ್ತದೆ, ಲೆಕ್ಕ ತಪ್ಪುತ್ತದೆ.

ಪೈಪಿನ ಒಳ ಅಗಲವನ್ನು ವರ್ನಿಯರ್‌ನಲ್ಲಿ ನೋಡಿದೆ, 104 ಮಿ.ಮೀ. ಬಾಯಿಯ ಅಳತೆ 85 ಚದರ ಸೆಂ.ಮೀ. ಬಂತು. ಅಂದರೆ ಒಂದು ಮಿ.ಮೀ. ಮಳೆಗೆ 8.5 ಮಿ.ಲೀ. ನೀರು. ಒಂದು ಇಂಚಿಗೆ 216. ಒಂದು ಸೆಂಟಿಗೆ ಎರಡು ಮಿ.ಲೀ.ಗಿಂತ ಚೂರು ಜಾಸ್ತಿ. 500 ಮಿ.ಲೀ. ಅಳತೆ ಜಾರಿಗೆ ಮಗಳು ಉಗುರು ಬಣ್ಣದಲ್ಲಿ ಇಂಚಿನ ಗೆರೆ ಎಳೆದಳು. ನಿಮ್ಮ ಪೈಪಿನ ಒಳ ಅಗಲ ನನ್ನದರಷ್ಟೇ ಇರಬೇಕು ಅಂತಿಲ್ಲ. ಒಂದೇ ಸೈಜಿನ ಪೈಪಿನಲ್ಲೂ ದಪ್ಪ ಬೇರೆ ಬೇರೆ ಬರುತ್ತದೆ. ಅಳೆದೇ ಲೆಕ್ಕ ಹಾಕಿ.

ಮೊದಲನೇದು ಸೋರಿತು. ರಾತ್ರಿ ಸರಿಯಾಗಿ ಒಂದು ಇಂಚಿನಷ್ಟು ನೀರು ಹಾಕಿಟ್ಟಿದ್ದೆ, ಬೆಳಗ್ಗೆ 91 ಸೆಂಟು ಇತ್ತು. ಕ್ಯಾಪ್ ಒಳಗಿನ ಧೂಳು ಒರೆಸದೆ ಸಾಲ್ವೆಂಟ್ ಹಚ್ಚಿದ್ದರ ಫಲ. ಎರಡನೇ ಸಲ ಉಪ್ಪುಕಾಗದದಿಂದ ಉಜ್ಜಿ ಹಾಕಿದೆ, ನಿಂತಿತು. ಅಂಗಳದಲ್ಲಿ ಮರದ ನೆರಳು ಬೀಳದ ಕಡೆ ಗೂಟ ಹೊಡೆದು, ಎದೆ ಎತ್ತರಕ್ಕೆ ಕ್ಲಾಂಪ್ ಹಾಕಿ ನಿಲ್ಲಿಸಿದೆ. ದಿನಾ ಬೆಳಗ್ಗೆ ಎಂಟೂವರೆಗೆ ಅಳತೆ. ಹವಾಮಾನ ಇಲಾಖೆಯವರ ಲೆಕ್ಕವೂ ಆ ಹೊತ್ತಿಗೇ. ಸಮಯ ಒಂದೇ ಇದ್ದರೆ ಹೋಲಿಸಲು ಸುಲಭ.

ಸರ್ಕಾರದ್ದೇ ಮಾಪಕ ಇದೆಯಲ್ಲ ಅಂತ ಕೇಳಬಹುದು. ಇದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಪಂಚಾಯಿತಿ ಮಟ್ಟದಲ್ಲಿ ತಾವಾಗಿ ಅಳೆದು ಕಳಿಸುವ ಮಾಪಕ ಇಟ್ಟಿದ್ದಾರೆ. ಅವರ ವರುಣಮಿತ್ರ ಸಂಖ್ಯೆ 92454 33433ಕ್ಕೆ ಫೋನ್ ಮಾಡಿದರೆ ಮಳೆ ಮುನ್ಸೂಚನೆ ಹೇಳುತ್ತಾರೆ. ನಾನೂ ಮಾಡುತ್ತೇನೆ. ಆದರೆ ನಮ್ಮ ಪಂಚಾಯಿತಿ ಇರುವುದು ಗುಡ್ಡದ ಆ ಮಗ್ಗುಲಲ್ಲಿ. ಅಲ್ಲಿ ಎರಡು ಇಂಚು ಬಂದ ದಿನ ನಮ್ಮಲ್ಲಿ ಮೂರೂಮುಕ್ಕಾಲು ಬಂದದ್ದಿದೆ. ಮತ್ತೆ ಟವರ್ ಸತ್ತರೆ ಯಾರ ಲೆಕ್ಕವೂ ನಮಗೆ ಸಿಗುವುದಿಲ್ಲ.

ವಯನಾಡಿನಲ್ಲಿ ಹ್ಯೂಮ್ ಸೆಂಟರ್ ಅಂತ ಒಂದು ಸಂಸ್ಥೆ ಊರೂರಿನಲ್ಲಿ ಇಂಥ ಮಾಪಕ ಇಡಿಸಿ ಜನರಿಂದಲೇ ಅಳತೆ ತರಿಸುತ್ತದೆ. 2024ರ ಆ ದುರಂತಕ್ಕೆ ಮುಂಚಿನ 48 ಗಂಟೆಯಲ್ಲಿ ಪುತ್ತುಮಲೆಯ ಮಾಪಕ 572 ಮಿ.ಮೀ. ತೋರಿಸಿತ್ತು. ಇಪ್ಪತ್ತೆರಡೂವರೆ ಇಂಚು! ಹಿಂದಿನ ದಿನವೇ ಅವರು ಎಚ್ಚರಿಸಿದ್ದರು. ಅದನ್ನು ಓದಿದ ಮೇಲೆ ನನಗೆ ಪೈಪಿನ ಮೇಲೆ ಮರ್ಯಾದೆ ಬಂತು.

ಎಷ್ಟು ಬಂದರೆ ಏಳುವುದು? ಈ ಪ್ರಶ್ನೆಗೆ ಎರಡು ಭಾನುವಾರ ಹೋದವು. ಇಲಾಖೆಯ ಲೆಕ್ಕದಲ್ಲಿ ಒಂದು ದಿನಕ್ಕೆ 115.6 ಮಿ.ಮೀ. ದಾಟಿದರೆ ‘ಅತಿ ಭಾರಿ’, 204.4 ದಾಟಿದರೆ ‘ಅತ್ಯಧಿಕ’. ಆದರೆ ನಮ್ಮಲ್ಲಿ ಜುಲೈನಲ್ಲಿ ನಾಲ್ಕು ಇಂಚು ಅಂದರೆ ಯಾರೂ ತಲೆ ಎತ್ತುವುದಿಲ್ಲ. ಪಕ್ಕದ ಮನೆಯ ಅಜ್ಜ ತಮ್ಮ ಹಳೇ ಮಳೆ ಪುಸ್ತಕ ತಂದರು. 2018ರ ಪುಟ ತೆಗೆದರು. ಬರೆ ಬಿದ್ದದ್ದು ಜಾಸ್ತಿ ಮಳೆ ಬಂದ ಮೊದಲ ದಿನ ಅಲ್ಲ. ಜೂನ್‌ನಿಂದ ನೆನೆದು ನೆನೆದು, ಕೊನೆಗೆ ಮೂರು ದಿನ ಬಿಡದೆ ಹೊಡೆದ ಮೇಲೆ. ಹಾಗಾಗಿ ಎರಡು ಗೆರೆ ಹಾಕಿದೆವು. ಒಂದೇ ದಿನಕ್ಕೆ ಆರು ಇಂಚು, ಇಲ್ಲವೇ ಮೂರು ದಿನಕ್ಕೆ ಒಟ್ಟು ಹನ್ನೆರಡು. ಯಾವುದು ಮೊದಲು ಬಂದರೂ ಬರೆಯ ಬುಡದ ಎರಡು ಮನೆಯವರು ಆ ರಾತ್ರಿ ಮೇಲಿನ ರಸ್ತೆಯ ನೆಂಟರ ಮನೆಯಲ್ಲಿ ಮಲಗುವುದು. ಇದು ನಮ್ಮ ಬರೆಗೆ ನಾವು ಹಾಕಿಕೊಂಡ ಗೆರೆ. ನಿಮ್ಮ ಊರಿಗೆ ಇದನ್ನೇ ಎತ್ತಿಕೊಂಡು ಹೋಗಬೇಡಿ.

ಮೇ: ವೈರು, ರಿಲೇ, ಸೈರನ್

ಮಳೆ ಪೈಪು ಹಗಲಿನ ಕೆಲಸಕ್ಕೆ. ರಾತ್ರಿಗೆ ಕೊಲ್ಲಿಯೇ ಕೂಗಬೇಕು.

ಮನೆಯಿಂದ ಕೊಲ್ಲಿಯ ಮೇಲಿನ ತಿರುವಿಗೆ 180 ಮೀಟರ್. ಅಲ್ಲಿ ನೀರು ಏರಿದರೆ ಲೈನ್ ಮನೆ ಹತ್ತಿರ ಬರುವ ಮುಂಚೆ ನಮಗೆ ಒಂದಿಷ್ಟು ಹೊತ್ತು ಸಿಗುತ್ತದೆ. ಅಷ್ಟುದ್ದದ ಹೊಸ ವೈರಿಗೆ ದುಡ್ಡು ಕೊಡಲು ಮನಸ್ಸು ಬರಲಿಲ್ಲ. ಅಟ್ಟದ ಮೇಲೆ ಲ್ಯಾಂಡ್‌ಲೈನ್ ಕಾಲದ ತಾಮ್ರದ ಜೋಡಿ ವೈರಿನ ಸುರುಳಿ ಇತ್ತು. ಅದನ್ನೇ ಸಿಲ್ವರ್ ಓಕ್ ಮರದಿಂದ ಮರಕ್ಕೆ, ಎಂಟು ಅಡಿ ಎತ್ತರದಲ್ಲಿ ಎಳೆದೆ.

ಮೊದಲು ಮಾಡಿದ್ದು ದಡ್ಡ ಕೆಲಸ. ಬ್ಯಾಟರಿ, ಸೈರನ್ ಮನೆಯಲ್ಲಿ. ನೀರಿನ ಸಂಪ್‌ಗೆ ಹಾಕುವ ಚೆಂಡಿನಂಥ ಫ್ಲೋಟ್ ಸ್ವಿಚ್ ಕೊಲ್ಲಿಯಲ್ಲಿ. ಎಲ್ಲವೂ ಒಂದೇ ಸುತ್ತಿನಲ್ಲಿ. ನೀರು ಏರಿತು ಅಂತ ಚೆಂಡನ್ನು ಕೈಯಲ್ಲಿ ಎತ್ತಿದೆ. ಮನೆಯಿಂದ ಸೈರನ್ ಸದ್ದು ಬರಬೇಕಿತ್ತು. ಮಗಳು ಫೋನ್ ಮಾಡಿ, ‘ಅಪ್ಪಾ, ಬೆಕ್ಕಿನ ಮರಿ ಥರ ಕುಂಯ್ ಅಂತಿದೆ’ ಅಂದಳು.

ದಿನಾ ಕಾಯಿಲ್ ಸುತ್ತುವವನಿಗೆ ಇದು ಹೊಳೆಯಬೇಕಿತ್ತು. ಮೀಟರ್ ಹಿಡಿದರೆ ಹೋಗಿ ಬರುವ ವೈರಿನ ರೆಸಿಸ್ಟೆನ್ಸ್ 32 ಓಮ್. ಸೈರನ್‌ಗೆ ಮುಕ್ಕಾಲು ಆಂಪಿಯರ್ ಬೇಕು. ಅಷ್ಟು ಕರೆಂಟನ್ನು ಆ ವೈರಿನಲ್ಲಿ ತಳ್ಳಲು 24 ವೋಲ್ಟ್ ಬರೀ ವೈರಿಗೇ ಬೇಕು. ನನ್ನ ಹತ್ತಿರ ಇರುವುದೇ 12.

ಆದ್ದರಿಂದ ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ತೆಗೆಯುವ ಸ್ವಿಚ್. 12 ವೋಲ್ಟಿನ ಪುಟ್ಟ ರಿಲೇ, ಕಾಯಿಲ್ 400 ಓಮ್, ಬೆಲೆ ನಲವತ್ತು ರೂಪಾಯಿ. ಅದರ ಕಾಯಿಲ್‌ಗೆ 28 ಮಿಲಿ ಆಂಪಿಯರ್ ಸಾಕು. ಅಷ್ಟಕ್ಕೆ 32 ಓಮ್ ವೈರಿನಲ್ಲಿ ಒಂದು ವೋಲ್ಟೂ ಬೀಳುವುದಿಲ್ಲ. ಉದ್ದ ವೈರು ರಿಲೇಯನ್ನು ಮಾತ್ರ ಎಳೆಯಲಿ, ಸೈರನ್‌ಗೆ ಬ್ಯಾಟರಿಯಿಂದ ನೇರವಾಗಿ ದಪ್ಪ ವೈರಿನಲ್ಲಿ ಹೋಗಲಿ.

ಇನ್ನೊಂದು ಬದಲಾವಣೆ ಅಜ್ಜನಿಂದ ಬಂತು. ಕಾಫಿ ಕುಡಿಯುತ್ತಾ ಕೇಳಿದರು, ‘ಮರ ಬಿದ್ದು ವೈರು ಹರಿದ್ರೆ ನಿನ್ನ ಸೈರನ್ನು ಏನು ಮಾಡ್ತದೆ?’ ಏನೂ ಮಾಡುವುದಿಲ್ಲ, ಸುಮ್ಮನಿರುತ್ತದೆ. ಮರ ಬೀಳುವುದು ಜೋರು ಮಳೆ ಗಾಳಿಯಲ್ಲೇ ಅಲ್ವಾ? ಬೇಕಾದ ಹೊತ್ತಿಗೇ ಸತ್ತಿರುತ್ತದೆ. ಹಾಗಾಗಿ ತಿರುಗಿಸಿ ಕಟ್ಟಿದೆ. ಈಗ ಎಲ್ಲ ಸರಿ ಇರುವಾಗ ವೈರಿನಲ್ಲಿ ಯಾವಾಗಲೂ ಕರೆಂಟು ಹರಿಯುತ್ತಿರುತ್ತದೆ. ರಿಲೇ ಎಳೆದುಕೊಂಡು ನಿಂತಿರುತ್ತದೆ. ನೀರು ಏರಿದರೆ ಫ್ಲೋಟ್ ಆ ಸುತ್ತನ್ನು ಕಡಿಯುತ್ತದೆ, ರಿಲೇ ಬಿಟ್ಟುಕೊಳ್ಳುತ್ತದೆ, ಸೈರನ್ ಕೂಗುತ್ತದೆ. ವೈರು ಹರಿದರೂ ಕೂಗುತ್ತದೆ. ಕಳ್ಳ ಕತ್ತರಿಸಿದರೂ ಕೂಗುತ್ತದೆ.

ಇದಕ್ಕೆ ಬೆಲೆ ಬ್ಯಾಟರಿ. 28 ಮಿಲಿ ಆಂಪಿಯರ್ ಹಗಲು ರಾತ್ರಿ ಹೋದರೆ ದಿನಕ್ಕೆ 0.67 ಆಂಪಿಯರ್ ಅವರ್. ಯುಪಿಎಸ್‌ನಲ್ಲಿ ಬರುವ 7 ಆಂಪಿಯರ್ ಅವರ್ ಬ್ಯಾಟರಿ ಕಾಗದದ ಮೇಲೆ ಹತ್ತು ದಿನ. ನಾನು ನಂಬುವುದು ಆರು. ಕರೆಂಟು ಇದ್ದಾಗ ಸಣ್ಣ ಚಾರ್ಜರ್, ಇಲ್ಲದಾಗ 10 ವ್ಯಾಟ್ ಸೋಲಾರ್ ಹಲಗೆ. ಆಷಾಢದ ಮೋಡದಲ್ಲಿ ಸೋಲಾರ್‌ನಿಂದ ಏನು ನಿರೀಕ್ಷೆ ಮಾಡಬಹುದೋ ಅಷ್ಟೇ ಬರುತ್ತದೆ.

ಮೇ 24ಕ್ಕೇ ಮುಂಗಾರು ಕೇರಳಕ್ಕೆ ಬಂದುಬಿಟ್ಟಿತು. 2009ರ ನಂತರ ಇಷ್ಟು ಬೇಗ ಬಂದದ್ದು ಇದೇ. ನಾನು ಜೂನ್ ಮೊದಲ ವಾರ ಅಂತ ಲೆಕ್ಕ ಹಾಕಿ ಆರಾಮಾಗಿ ಕೂತಿದ್ದೆ. ಫ್ಲೋಟಿನ ಕೆಲಸ ಬಾಕಿ ಇತ್ತು. ಕೊನೆಗೆ ಕೊಡೆ ಹಿಡಿಯಲು ಒಬ್ಬ, ಸ್ಪ್ಯಾನರ್ ಹಿಡಿಯಲು ನಾನು, ಮೊಣಕಾಲುದ್ದ ನೀರಿನಲ್ಲಿ ನಿಂತು ಮುಗಿಸಿದೆವು. ಜಿಗಣೆಗಳು ಲಾಭ ಮಾಡಿಕೊಂಡವು.

ಚೆಂಡಿನ ಫ್ಲೋಟ್ ನಡೆಯಲಿಲ್ಲ. ಮೊದಲ ಜೋರು ಮಳೆಗೇ ಅದರ ವೈರಿಗೆ ಎಲೆ, ಬಳ್ಳಿ ಸುತ್ತಿಕೊಂಡು ಬಂಡೆಗೆ ಅಂಟಿ ಕೂತಿತ್ತು. ಅದರ ಬದಲು ಆರ್‌ಓ ಮೆಷಿನ್, ಟ್ಯಾಂಕುಗಳಲ್ಲಿ ಬರುವ ಸಣ್ಣ ನೆಟ್ಟನೆ ಫ್ಲೋಟ್ ಹಾಕಿದೆ. ಒಂದು ಕಡ್ಡಿ, ಅದರ ಮೇಲೆ ಏರಿ ಇಳಿಯುವ ಬಿಳಿ ಗುಂಡು, ಗುಂಡಿನೊಳಗೆ ಅಯಸ್ಕಾಂತ, ಕಡ್ಡಿಯೊಳಗೆ ಅಯಸ್ಕಾಂತಕ್ಕೆ ಸೇರಿ ಬಿಡುವ ರೀಡ್ ಸ್ವಿಚ್. ಇದರಲ್ಲಿ ಒಂದು ಚೆಂದ ಇದೆ. ತಂದಾಗ ಅದು ನೀರು ಏರಿದರೆ ಸುತ್ತು ಸೇರಿಸುತ್ತಿತ್ತು. ನನಗೆ ಬೇಕಾದದ್ದು ಉಲ್ಟಾ. ಕಡ್ಡಿಯ ತುದಿಯ ಕ್ಲಿಪ್ಪನ್ನು ಉಗುರಿನಿಂದ ತೆಗೆದು, ಗುಂಡನ್ನು ತಲೆಕೆಳಗು ಮಾಡಿ ತೂರಿಸಿ, ಕ್ಲಿಪ್ ಹಾಕಿದೆ. ಅಷ್ಟೇ, ಉಲ್ಟಾ ಆಯಿತು. ಆದರೆ ರೀಡ್ ಸ್ವಿಚ್ ಬಹಳ ನಾಜೂಕು. ಅದರಲ್ಲಿ ಸೈರನ್ ಕರೆಂಟು ನೇರವಾಗಿ ಹರಿಸಿದರೆ ಪಾಯಿಂಟುಗಳು ಅಂಟಿಕೊಳ್ಳುತ್ತವೆ. ಅಲ್ಲೂ ರಿಲೇಯೇ ಕಾಪಾಡಿತು.

ಫ್ಲೋಟನ್ನು ನಾಲ್ಕು ಇಂಚಿನ ಪೈಪಿನೊಳಗೆ ಇಟ್ಟೆ. ಪೈಪಿನ ಕೆಳಭಾಗಕ್ಕೆ ಡ್ರಿಲ್‌ನಿಂದ ತೂತುಗಳು. ನೀರು ಒಳಗೆ ಸದ್ದಿಲ್ಲದೆ ಏರುತ್ತದೆ, ಅಲೆ ಹೊಡೆತವಿಲ್ಲ, ಕೊಂಬೆ ತಾಗುವುದಿಲ್ಲ. ಪೈಪನ್ನು ಕಾಲುಸಂಕದ ಪಕ್ಕದ ಬಂಡೆಗೆ ಆಂಕರ್ ಬೋಲ್ಟ್ ಹೊಡೆದು ಬಿಗಿದೆ. ಎಷ್ಟು ಎತ್ತರಕ್ಕೆ? ಬಟ್ಟೆ ಒಗೆಯುವ ಕಲ್ಲು ಎಲ್ಲ ವರ್ಷವೂ ಮುಳುಗುತ್ತದೆ, ಅದು ಲೆಕ್ಕಕ್ಕಿಲ್ಲ. ಸಂಕದ ಹಲಗೆಗೆ ನೀರು ತಾಗಿದ್ದು 2018ರಲ್ಲಿ ಮಾತ್ರ ಅಂತ ಎಲ್ಲರೂ ಒಪ್ಪಿದರು. ಹಲಗೆಗಿಂತ ಒಂದು ಅಡಿ ಕೆಳಗೆ ಫ್ಲೋಟ್ ನಿಲ್ಲಿಸಿದೆ. ಬಂಡೆ ಮೇಲೆ ಬಿಳಿ, ಹಳದಿ, ಕೆಂಪು ಗೆರೆ ಎಳೆದೆವು. ಕೆಂಪು ಅಂದರೆ ಫ್ಲೋಟು.

ಬರೆಯ ಮೇಲಿನ ಬಿರುಕು

ಕೊಟ್ಟಿಗೆಯ ಮೇಲೆ, ಹಿಂದೆ ಕುಸಿದ ಜಾಗಕ್ಕಿಂತ ಎತ್ತರದಲ್ಲಿ, ಹನ್ನೆರಡು ಅಡಿ ಉದ್ದದ ಒಂದು ಬಿರುಕು ಇದೆ. ಅಲ್ಲಿ ಮನೆ ಕಟ್ಟುವಾಗ ಬರೆಯನ್ನು ನೆಟ್ಟಗೆ ಗೋಡೆ ಥರ ಕಡಿದಿದ್ದರು. ಬುಡ ಕಡಿದರೆ ತಲೆ ಜಾರಲೇಬೇಕು.

ಬಿರುಕಿನ ಎರಡೂ ಬದಿಗೆ ನಾಲ್ಕು ಜೋಡಿ ಗೂಟ ಹೊಡೆದು, ಪ್ರತಿ ಗೂಟದ ತಲೆಗೆ ಒಂದು ಮೊಳೆ. ಮೊಳೆಯಿಂದ ಮೊಳೆಗೆ ಸ್ಟೀಲ್ ಟೇಪ್. ಲೈನ್ ಮನೆಯ ಅಕ್ಕ ಒಬ್ಬರು ವಾರಕ್ಕೆರಡು ಸಲ ಅಳೆದು ಗೋಡೆ ಕ್ಯಾಲೆಂಡರಿನಲ್ಲಿ ಬರೆಯುತ್ತಾರೆ. ಮೊದಲ ಸಲ ಮೂರನೇ ಜೋಡಿ 62.4 ಸೆಂ.ಮೀ. ಇತ್ತು. ಒಂದೆರಡು ಮಿ.ಮೀ. ಹೆಚ್ಚು ಕಡಿಮೆ ಆದರೆ ಟೇಪಿನ ತಪ್ಪು. ವಾರದಲ್ಲಿ ಅರ್ಧ ಸೆಂ.ಮೀ. ದಾಟಿದರೆ ನನಗೆ ಹೇಳಬೇಕು ಅಂತ ಮಾತು. ಬಿರುಕಿನ ಬಾಯಿಗೆ ಜೇಡಿಮಣ್ಣು ತುರುಕಿ ಮೇಲೆ ಟಾರ್ಪಾಲ್ ಹೊದಿಸಿದೆವು, ನೀರು ಇಳಿಯದಿರಲಿ ಅಂತ. ಟಾರ್ಪಾಲಿನ ನೀರು ಪಕ್ಕದ ಚರಂಡಿಗೆ ಹೋಗುವಂತೆ ಅಂಚು ಮಡಚಬೇಕು. ಮೊದಲು ಅದನ್ನು ಮಾಡದೆ ನೀರನ್ನು ನೇರವಾಗಿ ಕೊಟ್ಟಿಗೆ ತಲೆ ಮೇಲೇ ಬಿಟ್ಟಿದ್ದೆವು.

ಜೂನ್: ಸುಳ್ಳು ಕೂಗು

ಮೊದಲ ಸುಳ್ಳು ಜೂನ್‌ನಲ್ಲಿ, ರಾತ್ರಿ 2:40ಕ್ಕೆ. ಮಳೆಯೇ ಇರಲಿಲ್ಲ. ಎಲ್ಲರೂ ಎದ್ದು ಅಂಗಳಕ್ಕೆ ಓಡಿ ಬಂದರು. ಟಾರ್ಚ್ ಬಿಟ್ಟರೆ ಹಲಸಿನ ಮರದ ಕೆಳಗೆ ಆನೆ. ಹಣ್ಣಿಗೆ ಬಂದಿತ್ತು. ವೈರನ್ನು ಆ ಮರಕ್ಕೂ ಒಂದು ಸುತ್ತು ಕಟ್ಟಿದ್ದ ಮಹಾನುಭಾವ ನಾನೇ. ಆನೆ ಕೊಂಬೆ ಎಳೆದಾಗ ವೈರೂ ಬಂತು. ಸೈರನ್ ಸದ್ದಿಗೆ ಅದು ಹೋಯಿತು ಅನ್ನುವುದು ನಮ್ಮ ಪುಣ್ಯ. ಆವತ್ತಿನಿಂದ ಹೊಸ ನಿಯಮ. ಸೈರನ್ ಕೇಳಿದರೆ ಮೊದಲು ಬಾಗಿಲಿನಿಂದ ಟಾರ್ಚ್, ಆಮೇಲೆ ಕಾಲು. ವೈರು ಹಲಸಿನ ಮರ ಬಿಟ್ಟು ಸುತ್ತಿ ಹೋಗುತ್ತದೆ.

ಎರಡನೇದು ಏಡಿ. ಪೈಪಿನ ತೂತಿನಿಂದ ಚಿಕ್ಕದಾಗಿದ್ದಾಗ ಒಳಗೆ ಹೋಗಿ, ಅಲ್ಲೇ ತಿಂದು ಬೆಳೆದಿರಬೇಕು. ಗುಂಡಿನ ಕೆಳಗೆ ಹತ್ತಿ ಕೂತು ಅದನ್ನು ಮೇಲೆತ್ತಿ ಹಿಡಿದಿತ್ತು. ಈಗ ತೂತುಗಳಿಗೆ ಸ್ಟೀಲ್ ಜಾಲರಿ ಇದೆ. ಜಾಲರಿ ಹಾಕಿದ ಮೇಲೆ ಹೂಳು ಬೇಗ ಕಟ್ಟುತ್ತದೆ, ಭಾನುವಾರ ಭಾನುವಾರ ತೊಳೆಯಬೇಕು. ಮೂರನೇದು ನನ್ನ ಬೆಸುಗೆ. ತೇವಕ್ಕೆ ಹಸಿರು ಹಿಡಿದು ಬಿಟ್ಟುಕೊಂಡಿತ್ತು. ಬಿಚ್ಚಿ, ಕೆರೆದು, ಮತ್ತೆ ಬೆಸೆದು, ಮೇಲೆ ಹೀಟ್ ಶ್ರಿಂಕ್ ಸ್ಲೀವ್, ಅದರ ಮೇಲೆ ಎಂ-ಸೀಲ್.

ಸುಳ್ಳು ಕೂಗಿಗಿಂತ ದೊಡ್ಡ ತಪ್ಪು ಒಂದು ಆಗಿತ್ತು. ಏಡಿಯ ರಾತ್ರಿ ಸದ್ದು ನಿಲ್ಲಿಸಲು ನಾನು ಸ್ವಿಚ್ ಆಫ್ ಮಾಡಿದ್ದೆ. ಬೆಳಗ್ಗೆ ಏಡಿ ತೆಗೆದೆ, ಎಲ್ಲರಿಗೂ ಏಡಿ ಕಥೆ ಹೇಳಿದೆ, ಸ್ವಿಚ್ ಹಾಕಲು ಮರೆತೆ. ಎರಡು ರಾತ್ರಿ ಅದು ಸುಮ್ಮನೆ ಗೋಡೆಯಲ್ಲಿ ನೇತಾಡುತ್ತಿತ್ತು, 31 ಜನ ಅದನ್ನು ನಂಬಿ ಮಲಗಿದ್ದರು. ಗೊತ್ತಾದಾಗ ಹೊಟ್ಟೆಯಲ್ಲಿ ತಣ್ಣಗಾಯಿತು. ಈಗ ಆ ಸ್ವಿಚ್ ಕಿತ್ತುಹಾಕಿದ್ದೇನೆ. ಅದರ ಜಾಗದಲ್ಲಿ ಕರೆಗಂಟೆಯ ಬಟನ್ ಇದೆ. ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಸುಮ್ಮನಿರುತ್ತದೆ, ಬೆರಳು ತೆಗೆದರೆ ಮತ್ತೆ ಕೂಗುತ್ತದೆ. ಬ್ಯಾಟರಿ ಸತ್ತರೂ ಇದು ಸುಮ್ಮನಿರುತ್ತದೆ. ಹಾಗಾಗಿ ದಿನಾ ಸಂಜೆ ದೀಪ ಹಚ್ಚಿದ ಮೇಲೆ ಅಮ್ಮ ಒಂದು ಸೆಕೆಂಡು ವೈರಿನ ಪ್ಲಗ್ ಕಿತ್ತು ಮತ್ತೆ ಸಿಕ್ಕಿಸುತ್ತಾರೆ. ಕೂಗಿದರೆ ಸರಿ. ಊರಿಗೆಲ್ಲ ಈಗ ಅದು ಏಳು ಗಂಟೆಯ ಸದ್ದು.

ಆ ಏಳು ಗಂಟೆಯ ಸದ್ದಿನಿಂದಲೇ ಇನ್ನೊಂದು ಗೊತ್ತಾಯಿತು. ಜೋರು ಮಳೆಯ ದಿನ ಲೈನ್ ಮನೆಯವರಿಗೆ ಅದು ಕೇಳುತ್ತಿರಲಿಲ್ಲ. ಶೀಟಿನ ಮಾಡಿನ ಮೇಲೆ ಮಳೆ ಬಿದ್ದರೆ ಪಕ್ಕದಲ್ಲಿ ಕೂತವರ ಮಾತೇ ಕೇಳುವುದಿಲ್ಲ. 2.5 ಚದರ ಮಿ.ಮೀ. ವೈರು 40 ಮೀಟರ್ ಎಳೆದು, ಅವರ ಜಗಲಿಯ ಮಾಡಿನ ಒಳಗೇ ಎರಡನೇ ಸೈರನ್ ಹಾಕಿದೆ. ಒಟ್ಟು ಖರ್ಚಿನಲ್ಲಿ ಆ ವೈರೇ ಜಾಸ್ತಿ. ಅದರ ಪಕ್ಕ, ಶಾಲೆಯಲ್ಲಿ ಗಂಟೆಗೆ ಕಟ್ಟುತ್ತಾರಲ್ಲ, ಅಂಥ ಕಬ್ಬಿಣದ ತುಂಡು ಒಂದು, ಸುತ್ತಿಗೆ ಸಮೇತ. ಅದಕ್ಕೆ ಬ್ಯಾಟರಿ ಬೇಡ.

ಬಕೆಟ್ಟು ಮತ್ತು ಕುಣಿಕೆ

ಎಲ್ಲಿಗೆ ಹೋಗುವುದು ಅನ್ನುವುದಕ್ಕೆ ಅರ್ಧ ಗಂಟೆಯೂ ಬೇಕಾಗಲಿಲ್ಲ. ಮೇಲಿನ ರಸ್ತೆಯ ಬಸ್ ತಂಗುದಾಣ. ಅದು ದಿಣ್ಣೆ ಮೇಲಿದೆ, ಮೇಲೆ ಕಡಿದ ಬರೆ ಇಲ್ಲ. ದಾರಿ ಮಾತ್ರ ಬದಲಾಯಿಸಬೇಕಾಯಿತು. ದಿನಾ ಹೋಗುವ ಹತ್ತಿರದ ದಾರಿ ಕೊಲ್ಲಿಯ ಪಕ್ಕದಲ್ಲೇ ಏರುತ್ತದೆ. ಮಣ್ಣು ಕಲ್ಲು ಇಳಿಯುವುದೂ ಅದೇ ಕೊಲ್ಲಿಯಲ್ಲಿ. ತೋಟದ ಮಧ್ಯೆ ಅಡ್ಡಕ್ಕೆ ಹೋಗಿ ಆಮೇಲೆ ಏರುವ ದಾರಿಯನ್ನು ಕಾಡುಗತ್ತಿಯಲ್ಲಿ ಬಿಡಿಸಿದೆವು.

ಮನೆಗೊಂದು ಬಕೆಟ್. ಪೇಂಟಿನ 20 ಲೀಟರಿನ ಖಾಲಿ ಬಕೆಟ್, ಮುಚ್ಚಳ ಗಟ್ಟಿ ಕೂರುವಂಥದ್ದು. ನೀರು ಹೋಗುವುದಿಲ್ಲ, ಬಿದ್ದರೆ ತೇಲುತ್ತದೆ, ಹಿಡಿಕೆ ಇದೆ, ಪೇಂಟರ್ ಕೇಳಿದರೆ ಪುಕ್ಕಟೆ ಕೊಡುತ್ತಾನೆ. ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ಆರ್‌ಟಿಸಿ, ಮಕ್ಕಳ ಮಾರ್ಕ್ಸ್ ಕಾರ್ಡ್ ಪ್ಲಾಸ್ಟಿಕ್ ಕವರಿನಲ್ಲಿ. 2018ರಲ್ಲಿ ಪ್ರಾಣ ಉಳಿದವರು ಆಮೇಲೆ ತಿಂಗಳುಗಟ್ಟಲೆ ಅಲೆದದ್ದು ಈ ಕಾಗದಗಳಿಗೆ. ಬಿಪಿ, ಶುಗರ್ ಮಾತ್ರೆ ಒಂದು ವಾರದ್ದು, ಓಆರ್‌ಎಸ್, ಟಾರ್ಚ್, ಚಾರ್ಜ್ ಆದ ಪವರ್ ಬ್ಯಾಂಕ್, ಚಿಲ್ಲರೆ ದುಡ್ಡು, ಒಂದು ಕಂಬಳಿ, ಒಂದು ಜೊತೆ ಒಣ ಬಟ್ಟೆ. ಮುಚ್ಚಳದ ಒಳಗೆ ಮಾರ್ಕರಿನಲ್ಲಿ 112, 1077 ಅಂತ ಬರೆದಿದೆ. 1077 ಜಿಲ್ಲಾ ಕಂಟ್ರೋಲ್ ರೂಮು. ಫೋನಿನಲ್ಲಿ ಸರ್ಕಾರದ ವಿಕೋಪ ಎಚ್ಚರಿಕೆಯ ಸಚೇತ್ ಆ್ಯಪ್ ಹಾಕಿಸಿದ್ದೂ ಆಯಿತು, ಆದರೆ ಲೈನ್ ಮನೆಯಲ್ಲಿ ಅರ್ಧ ಜನದ್ದು ಬಟನ್ ಫೋನು.

ದನದ ವಿಷಯ ನಾನು ಮರೆತೇಬಿಟ್ಟಿದ್ದೆ. ಪಕ್ಕದ ಮನೆಯವರು ಮರೆತಿರಲಿಲ್ಲ. ಗೊಂತಿಗೆ ಗಂಟು ಹಾಕಿದ ಹಗ್ಗ ರಾತ್ರಿ ಬಿಚ್ಚಲು ಬರುವುದಿಲ್ಲ. ಮಳೆಗಾಲ ಪೂರ್ತಿ ಈಗ ಕುಣಿಕೆ ಗಂಟು, ಬಾಲ ಎಳೆದರೆ ಬಿಚ್ಚಿಕೊಳ್ಳುವಂಥದ್ದು. ಕೊಟ್ಟಿಗೆ ಬಾಗಿಲಲ್ಲಿ ಒಂದು ಕತ್ತಿಯೂ ನೇತಾಡುತ್ತದೆ.

ಎರಡು ಸಲ ಅಭ್ಯಾಸ ಮಾಡಿದೆವು. ಮೊದಲ ಸಲ 19 ನಿಮಿಷ. ಅದರಲ್ಲಿ ಆರು ನಿಮಿಷ ಚಪ್ಪಲಿ ಹುಡುಕಿದ್ದು. ಎರಡನೇ ಸಲ 11.

ಪುಷ್ಯ ಮಳೆ

ಜುಲೈ ಕೊನೆ, ಪುಷ್ಯ ಮಳೆ ಹಿಡಿದಿತ್ತು. ಮೂರು ದಿನದ ಪೈಪಿನ ಲೆಕ್ಕ 3.10, 4.65, 4.80. ಮೂರನೇ ಬೆಳಗ್ಗೆಗೇ ಹನ್ನೆರಡು ದಾಟಿತ್ತು. ಮೂರನೇ ಜೋಡಿ ಗೂಟ 63.1. ಬರೆ ಬುಡದ ಎರಡು ಮನೆಯವರು ಮಾತಿನ ಪ್ರಕಾರ ಸಂಜೆಯೇ ನೆಂಟರ ಮನೆಗೆ ಹೋದರು. ಅಜ್ಜ ಒಬ್ಬರು ಒಲ್ಲೆ ಅಂದರು. ‘ಪುಸ್ತಕ ಬರೆದವರು ನೀವೇ ಅಲ್ವಾ ಅಜ್ಜಾ?’ ಅಂದೆ. ಗೊಣಗುತ್ತಾ ಕೊಡೆ ತೆಗೆದುಕೊಂಡರು.

ಸೈರನ್ ಕೂಗಿದ್ದು ರಾತ್ರಿ 1:15ಕ್ಕೆ. ಬಟನ್ ಒತ್ತಿ ಕೊಲ್ಲಿಯ ಸದ್ದು ಕೇಳಿದೆ. ಕಲ್ಲು ಉರುಳುತ್ತಿತ್ತು. ಆನೆಯಲ್ಲ, ಏಡಿಯಲ್ಲ. ಬಟನ್ ಬಿಟ್ಟೆ. ತಂಗುದಾಣಕ್ಕೆ ಎಲ್ಲರೂ ಸೇರಿದಾಗ 13 ನಿಮಿಷ. ಎರಡು ನಿಮಿಷ ಜಾಸ್ತಿ ಆದದ್ದು ಅಪ್ಪನಿಂದ. ಬಕೆಟ್ ಹಿಡಿದು ಹೊರಟವರು ಅರ್ಧ ದಾರಿಯಿಂದ ಹಿಂದಿರುಗಿ ಹಲ್ಲಿನ ಸೆಟ್ಟು ತಂದರು. ಈಗ ಆ ಡಬ್ಬಿ ಬಕೆಟ್ಟಿನ ಪಕ್ಕದಲ್ಲೇ ಇರುತ್ತದೆ.

ಬೆಳಗ್ಗೆ ನೋಡಿದರೆ ನೀರು ಕೆಂಪು ಗೆರೆಗಿಂತ ನಾಲ್ಕು ಬೆರಳು ಮೇಲೆ ಹೋಗಿ ಇಳಿದಿತ್ತು. ಸಂಕದ ಹಲಗೆ ಜಾಗದಲ್ಲೇ ಇತ್ತು. ಲೈನ್ ಮನೆಯ ಕೊನೆಯ ಕೋಣೆಯ ಹೊಸ್ತಿಲಿಗೆ ಕೆಸರು ಬಂದಿತ್ತು, ಅಷ್ಟೇ. ಬರೆ ಬೀಳಲಿಲ್ಲ. ಒಬ್ಬ ಹುಡುಗ ‘ಸುಮ್ನೆ ಎದ್ದು ಬಂದ ಹಾಗಾಯ್ತು’ ಅಂದ. ಅವನ ಅಮ್ಮ ಅವನನ್ನು ನೋಡಿದ ರೀತಿಗೆ ಮತ್ತೆ ಬಾಯಿ ತೆರೆಯಲಿಲ್ಲ.

ತಂಗುದಾಣದಲ್ಲಿ ಕಂಬಳಿ ಹೊದ್ದು ಕೂತಿದ್ದಾಗ ಅಜ್ಜ ಒಂದು ಮಾತು ಹೇಳಿದರು. ಅವರೂ ನೆಂಟರ ಮನೆಯಿಂದ ಎದ್ದು ಬಂದಿದ್ದರು. ‘ನೀರು ಏರಿದ್ದಕ್ಕೆ ನಿನ್ನ ಸೈರನ್ನು ಕೂಗ್ತದೆ. ಮಳೆ ಹೊಡೀತಾನೇ ಇದ್ದು ನೀರು ಕಡಿಮೆಯಾದ್ರೆ?’ ಮೇಲೆಲ್ಲೋ ಬರೆ ಕುಸಿದು ಕೊಲ್ಲಿಗೆ ಅಡ್ಡ ಕಟ್ಟಿದರೆ ಕೆಳಗೆ ನೀರು ಇಳಿಯುತ್ತದೆ. ಆ ಕಟ್ಟೆ ಒಡೆದಾಗ ಬರುವುದು ನೀರಲ್ಲ, ಮಣ್ಣು, ಮರ, ಬಂಡೆ ಎಲ್ಲ ಒಟ್ಟಿಗೆ. ನನ್ನ ಸೈರನ್ ಆಗ ‘ಎಲ್ಲ ಸರಿ ಇದೆ’ ಅಂತ ಸುಮ್ಮನಿರುತ್ತದೆ.

ಅದಕ್ಕೆ ಎರಡನೇ ಫ್ಲೋಟ್ ತಂದಿಟ್ಟಿದ್ದೇನೆ. ಬಿಳಿ ಗೆರೆಯ ಹತ್ತಿರ ಕೂರಿಸಿ, ನೀರು ಅದಕ್ಕಿಂತ ಇಳಿದರೆ ಸುತ್ತು ಕಡಿಯುವಂತೆ ಮಾಡಬೇಕು. ಕಟ್ಟುವುದು ಕಷ್ಟವಲ್ಲ, ಮೊದಲನೇದರ ಜೊತೆ ಸರಣಿಯಲ್ಲಿ ಸೇರಿಸಿದರೆ ಆಯಿತು. ತೊಂದರೆ ಬೇರೆ. ಮಳೆ ಎರಡು ದಿನ ಬಿಟ್ಟರೂ ಕೊಲ್ಲಿ ಇಳಿಯುತ್ತದೆ, ಆಗೆಲ್ಲ ಇದು ಕೂಗಬಾರದು. ಸದ್ಯಕ್ಕೆ ಅದಕ್ಕೊಂದು ಬೈಪಾಸ್ ಪ್ಲಗ್ ಮಾಡಿದ್ದೇನೆ, ಅದು ಸಿಕ್ಕಿಸಿದ್ದಷ್ಟು ಹೊತ್ತು ಎರಡನೇ ಫ್ಲೋಟ್ ಲೆಕ್ಕಕ್ಕಿಲ್ಲ. ಫ್ಲೋಟ್ ಕೂರಿಸಿದ ಮೇಲೆ, ಮಳೆ ಪೈಪು ಎರಡು ಇಂಚು ದಾಟಿದ ದಿನ ಮಾತ್ರ ಅಮ್ಮ ಅದನ್ನು ಕೀಳುವುದು ಅಂತ ಮಾತು. ಕೀಳಲು ಮರೆತರೆ ಏನು ಅಂತ ಅಜ್ಜ ಆಗಲೇ ಕೇಳಿಯಾಗಿದೆ. ಕ್ಯಾಲೆಂಡರಿನಲ್ಲಿ ಮೂರನೇ ಜೋಡಿ ಈಗ 63.4.